ಬಿಲ್ಲಿನಲ್ಲಿರುವ ‘ಪ್ಯಾರಿಷ್’ ಚರ್ಚಿನದಲ್ಲ

ಇಂಗ್ಲೆಂಡಿನ ಹಳ್ಳಿಗೆ ಹೊಸದಾಗಿ ಬಂದಿದ್ದೀರಿ. ಕೌನ್ಸಿಲ್ ಟ್ಯಾಕ್ಸ್ ಅನ್ನೋ ಸ್ಥಳೀಯ ತೆರಿಗೆಯ ಬಿಲ್ಲಿನಲ್ಲಿ ‘ಪ್ಯಾರಿಷ್’ ಅಂತ ಒಂದು ಸಾಲು ನೋಡಿ, ನಾವ್ಯಾಕೆ ಚರ್ಚಿಗೆ ದುಡ್ಡು ಕೊಡಬೇಕು ಅಂತ ಕೇಳಿದ್ದೀರಿ, ಅಲ್ವಾ? ಆ ಹಣ ಚರ್ಚಿಗೆ ಹೋಗುವುದಿಲ್ಲ, ಹಳ್ಳಿಯ ಆಡಳಿತ ನೋಡಿಕೊಳ್ಳುವ ಪ್ಯಾರಿಷ್ ಕೌನ್ಸಿಲ್‌ಗೆ ಹೋಗುತ್ತದೆ. 1894ರ ಕಾಯ್ದೆ ಹಳ್ಳಿಯ ಆಡಳಿತವನ್ನು ಚರ್ಚಿನಿಂದ ಬೇರೆ ಮಾಡಿತು. ಒಂದು ಚರ್ಚಿನ ವ್ಯಾಪ್ತಿಗೆ ಹೇಳುತ್ತಿದ್ದ ‘ಪ್ಯಾರಿಷ್’ ಅನ್ನೋ ಹೆಸರು ಮಾತ್ರ ಹಾಗೇ ಉಳಿಯಿತು.

ನಮ್ಮ ಗ್ರಾಮ ಪಂಚಾಯಿತಿಯ ಮುಂದೆ ಈ ಕೌನ್ಸಿಲ್‌ನ ಅಧಿಕಾರ ತೀರಾ ಕಡಿಮೆ. ಮಕ್ಕಳ ಆಟದ ಜಾಗ, ಬಸ್ ತಂಗುದಾಣ, ಬೆಂಚು, ಸ್ಮಶಾನ, ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡುವ ತುಂಡು ಜಮೀನು, ಇಂಥವೇ ಜಾಸ್ತಿ. ರಸ್ತೆ ಗುಂಡಿಯ ದೂರು ಇಲ್ಲಿ ಹೇಳಿ ಪ್ರಯೋಜನವಿಲ್ಲ, ಅದು ಮೇಲಿನ ಕೌನ್ಸಿಲ್‌ನ ಕೆಲಸ. ಪಕ್ಕದವರು ಮನೆ ದೊಡ್ಡದು ಮಾಡೋಕೆ ಅರ್ಜಿ ಹಾಕಿದರೆ ಇವರು ಅಭಿಪ್ರಾಯ ಹೇಳಬಹುದು ಅಷ್ಟೇ. ತೀರ್ಮಾನ ಇವರದಲ್ಲ. ಆದರೂ ಆ ಚರ್ಚೆಗೇ ಜನ ಸೇರುವುದು!

ಸುಮ್ನೆ ಒಂದು ಸಭೆಗೆ ಹೋಗಿ ಬನ್ನಿ. ಮೂರು ಪೂರ್ತಿ ದಿನ ಮೊದಲೇ ಅಜೆಂಡಾ ಹಾಕಿರಬೇಕು ಅನ್ನುವುದು ನಿಯಮ. ಕೂತು ಕೇಳುವುದು ನಿಮ್ಮ ಹಕ್ಕು. ಮಾತಾಡೋಕೆ ಮಾತ್ರ ಅವರು ಸಮಯ ಕೊಡಬೇಕು, ಹಾಗಾಗಿ ಕ್ಲರ್ಕ್‌ಗೆ ಮೊದಲೇ ಹೇಳಿಡಿ. ಕ್ಲರ್ಕ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಪಿಡಿಒ ಇದ್ದ ಹಾಗೆ.

ಭಾರತದ ಪಾಸ್‌ಪೋರ್ಟ್ ಇದ್ದರೆ ಈ ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದಾ ಅಂತಲೂ ಕೇಳಿದ್ದಿರಿ. ವೀಸಾ ಚಾಲ್ತಿಯಲ್ಲಿದ್ದರೆ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶವಲ್ಲವೇ? ಮತದಾರರ ಪಟ್ಟಿಗೆ ಹೆಸರು ಸೇರಿಸಿ.