ಯುಗಾದಿಗೆ ಮುಂಚಿನ ನಾಲ್ಕು ದಿನ: ಬರವಣಿಗೆ ಮತ್ತು ಮನಸ್ಸು, ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರತಿ ಯುಗಾದಿಗೂ ಡೈರಿಯೊಳಗ ‘ಸಿಟ್ಟು ಕಡಿಮಿ ಮಾಡಬೇಕು, ಮಗನ ಮ್ಯಾಲ ಒದರಬಾರದು’ ಅಂತ ಬರೀತೀನಿ. ಹಬ್ಬದ ಹೋಳಿಗಿ ಮುಗಿಯೋದ್ರೊಳಗ ಮುರಿದಿರತದ. ಕಥಿ ಬರದಂಗ ಬರದ್ರ ಮನಸ್ಸು ಬದಲಾಗತದ ಅಂತಾರ. ಹೆಂಗ ಶುರು ಮಾಡ್ಲಿ?
— ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ‘ಸಿಟ್ಟು ಕಡಿಮೆ ಮಾಡಬೇಕು’ ಎಂಬುದು ನೀವು ನಿಮಗೇ ಕೊಟ್ಟುಕೊಂಡ ಅಪ್ಪಣೆ. ಅದರಲ್ಲಿ ಹೊತ್ತೂ ಇಲ್ಲ, ಜಾಗವೂ ಇಲ್ಲ. ಸಿಟ್ಟಿಗೆ ಮಾತ್ರ ಎರಡೂ ಇರುತ್ತವೆ. ಹಾಗಾಗಿ ಈ ಸಲ ಸಂಕಲ್ಪ ಬದಿಗಿಟ್ಟು ಒಂದೇ ಒಂದು ಸನ್ನಿವೇಶ ಬರೆಯಿರಿ. 2026ರ ಯುಗಾದಿ ಮಾರ್ಚ್ 19, ಗುರುವಾರ. 15ರ ಭಾನುವಾರದಿಂದ 18ರ ಬುಧವಾರದವರೆಗೆ ದಿನಕ್ಕೆ 15 ನಿಮಿಷ ಸಾಕು. ನೂರು ಪುಟದ ಗೆರೆ ಹಾಳೆಯ ನೋಟ್‌ಬುಕ್ ತಗೊಂಡು ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಖಾಲಿ ಇರಲಿ.

ಮೊದಲ ದಿನ, ಆದದ್ದಷ್ಟೇ. ‘ಮುಂಜಾನೆ ಏಳೂವರಿ. ನಾಕನೇ ರೊಟ್ಟಿ ಹಂಚಿನ ಮ್ಯಾಲ. ನೀರು ಸವರೋ ಅರಿವಿ ಕೈಯಾಗ. ಒಳಗಿಂದ “ಅವ್ವಾ, ಸಾಕ್ಸ್ ಎಲ್ಲದಾವ?” ಮೂರನೇ ಸಲ.’ ಹೀಗೆ. ‘ನಾನು ಬಹಳ ಸಿಟ್ಟಿನಾಕಿ’ ಎಂಬ ತೀರ್ಪು ಆ ಪುಟದಲ್ಲಿ ಬರಬಾರದು. ತೀರ್ಪು ಬಂದ ಕೂಡಲೇ ನೋಡುವುದು ನಿಂತುಹೋಗುತ್ತದೆ.

ಎರಡನೇ ದಿನ ಅದಕ್ಕಿಂತ ಹತ್ತು ನಿಮಿಷ ಹಿಂದೆ ಹೋಗಿ, ‘ಯಾಕಂದ್ರ’ ಎಂಬ ಮಾತನ್ನು ಐದು ಸಲವಾದರೂ ಬಳಸಿ. ಒದರಿದೆ, ಯಾಕಂದ್ರ ರೊಟ್ಟಿ ಹೊತ್ತಿತು. ಹೊತ್ತಿತು, ಯಾಕಂದ್ರ ಲಕ್ಷ್ಯ ಬ್ಯಾರೆ ಕಡೆ ಇತ್ತು. ಮೊದಲಿನ ಎರಡು ‘ಯಾಕಂದ್ರ’ ಸಾಮಾನ್ಯವಾಗಿ ಬೇರೆಯವರ ತಪ್ಪು ಹೇಳುತ್ತವೆ. ಮೂರನೆಯದಕ್ಕೆ ಪೆನ್ನು ನಿಧಾನವಾಗುತ್ತದೆ. ಅಲ್ಲಿ ಅವಸರ ಮಾಡಬೇಡಿ. ನಿನ್ನೆ ರಾತ್ರಿ ಯಾರೋ ಅಂದ ಮಾತು, ನೀವು ನುಂಗಿಕೊಂಡ ಉತ್ತರ ಬಹಳ ಸಲ ಹೊರಗೆ ಬರುವುದು ಅಲ್ಲೇ.

ಮೂರನೇ ದಿನ ಅದೇ ಏಳೂವರೆಯನ್ನು ಮಗನ ಬಾಯಿಂದ ಹೇಳಿಸಿ. ಅವನು ‘ನಾನು’, ನೀವು ‘ಅವ್ವ’. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ, ಹುಡುಗನ ಬಾಯಲ್ಲಿ ದೊಡ್ಡವರ ಬುದ್ಧಿಮಾತು ತುರುಕುವುದು. ಅವನಿಗಷ್ಟೇ ಕಾಣುವ ಮೂರು ವಸ್ತು ಹುಡುಕಿ ಬರೆದರೆ ಅದು ತಪ್ಪುತ್ತದೆ. ಅಡುಗೆ ಕಟ್ಟೆ ಅವನ ಗದ್ದದ ಮಟ್ಟಕ್ಕೆ ಬರುತ್ತದೆ, ಅವನಿಗೆ ನಿಮ್ಮ ಬೆನ್ನು ಮಾತ್ರ ಕಾಣುತ್ತದೆ.

ನಾಲ್ಕನೇ ದಿನ, ಮುಂದಿನ ವರ್ಷದ ಅಂಥದ್ದೇ ಒಂದು ಮುಂಜಾನೆ. ಸಾಕ್ಸ್ ಈಗಲೂ ಕಳೆದಿರಲಿ, ರೊಟ್ಟಿ ಹಂಚಿನ ಮೇಲೇ ಇರಲಿ. ನಿಮ್ಮ ಕೈಯ ಒಂದೇ ಕೆಲಸ ಬೇರೆಯಾಗಲಿ. ಮನೆ ತುಂಬ ಶಾಂತಿ ನೆಲೆಸಿತು ಅಂತ ಬರೆದರೆ ನಿಮ್ಮ ಮನಸ್ಸೇ ಅದನ್ನು ನಂಬುವುದಿಲ್ಲ. ಹಬ್ಬದ ದಿನ ಬೇವು ಕುಡಿದಾದ ಮೇಲೆ ಆ ಒಂದು ಸಾಲನ್ನು ಎಡಪುಟಕ್ಕೆ ಇಳಿಸಿ: ‘ಮೂರನೇ ಸಲ ಕರದಾಗ ಮೊದಲ ಗ್ಯಾಸ್ ಸಣ್ಣ ಮಾಡ್ತೀನಿ, ಆಮ್ಯಾಲ ತಿರುಗಿ ನೋಡ್ತೀನಿ.’ ವರ್ಷಕ್ಕೆ ಅಷ್ಟೇ ಸಂಕಲ್ಪ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಪತ್ರದಲ್ಲಿ ಬರೆದ ಹಾಗೇ ನೋಟ್‌ಬುಕ್ಕಿನಲ್ಲೂ ಮನೆಯ ಮಾತಿನಲ್ಲೇ ಬರೆಯಿರಿ. ‘ನಾನು ಕುಪಿತಳಾದೆ’ ಅಂದಾಗ ನಾಟಕದ ಪಾತ್ರ ಮಾತಾಡಿದ ಹಾಗಿರುತ್ತದೆ. ‘ಮೈಯೆಲ್ಲಾ ಉರೀತು’ ಅಂದಾಗ ಮಾತಾಡುವವರು ನೀವು.

ಪ್ರಶ್ನೆ: ನಿವೃತ್ತ ಶಿಕ್ಷಕ. ತೀರಿಕೊಂಡ ತಮ್ಮನ ಬಗ್ಗೆ ಬರೆಯಲು ಕೂತರೆ ಎರಡು ತಾಸು ಹೋಗುತ್ತದೆ. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಆಮೇಲೆ ದಿನವಿಡೀ ಮನಸ್ಸು ಭಾರ. ಇದು ಒಳ್ಳೆಯದೋ ಕೆಟ್ಟದ್ದೋ?
— ಗದಗ

ಉತ್ತರ: ಎರಡು ತಾಸು ಹೆಚ್ಚಾಯಿತು. ನಿಮ್ಮ ಊರಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದ ಎಂಬ ಐತಿಹ್ಯ ನಿಮಗೆ ಗೊತ್ತಿರುತ್ತದೆ. ಪದವಿಟ್ಟು ಅಳಿಸದಿರುವುದು ತನ್ನ ಅಗ್ಗಳಿಕೆ ಅಂತಲೂ ಅವನು ಹೇಳಿಕೊಂಡಿದ್ದಾನೆ. ಎರಡನ್ನೂ ಹಾಗೇ ತಗೊಳ್ಳಿ: ಹೊತ್ತಿಗೆ ಮಿತಿ ಇರಲಿ, ಅಳಿಸುವುದು ಬೇಡ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ವಿದ್ಯಾರ್ಥಿಗಳು ಬರೆದದ್ದು ಸತತ 4 ದಿನ, ದಿನಕ್ಕೆ 15 ನಿಮಿಷ. ನೋವಿನ ಘಟನೆಯನ್ನೂ ಅದರ ಭಾವನೆಯನ್ನೂ ಕೂಡಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಕುಗ್ಗಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಂತರದ ಅಧ್ಯಯನಗಳಲ್ಲಿ ಪರಿಣಾಮ ಸಣ್ಣದೇ ಇತ್ತು, ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಇದನ್ನು ಔಷಧಿ ಅಂದುಕೊಳ್ಳಬೇಡಿ.

ಬರೆದ ಮೇಲೆ ತಾಸೆರಡು ತಾಸು ಭಾರ ಅನಿಸುವುದು ಸಹಜ. ಹಾಗಾಗಿ ಮಲಗುವ ಮುಂಚೆ ಬರೆಯಬೇಡಿ. ಸಂಜೆ ಐದರ ಹೊತ್ತಿಗೆ ಬರೆದು ಪೇಟೆಗೋ ಕಟ್ಟೆಗೋ ಎದ್ದು ಹೋಗಿ. ಸಾವಿನ ಗಳಿಗೆ ಬರೆಯಲು ಆಗದಿದ್ದರೆ ತಮ್ಮನ ಸೈಕಲ್ಲಿನ ಬಗ್ಗೆ, ಅವನು ಚಹಾ ಕುಡಿಯುವ ರೀತಿಯ ಬಗ್ಗೆ ಬರೆಯಿರಿ. ಕೈ ನಡುಗಿ ಉಸಿರು ಕಟ್ಟಿದ ಹಾಗಾದರೆ ವಾಕ್ಯ ಅರ್ಧಕ್ಕೇ ನಿಲ್ಲಲಿ. ಎರಡು ವಾರ ನಿದ್ದೆ, ಊಟ ಸರಿ ಹೋಗದಿದ್ದರೆ ನೋಟ್‌ಬುಕ್ ಮುಚ್ಚಿಟ್ಟು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪ್ರಶ್ನೆ: ವರ್ಷದ ಡೈರಿ ತಿರುಗಿಸಿ ನೋಡಿದೆ. ಜನವರಿಯ ಗೋಳೇ ಡಿಸೆಂಬರಿನಲ್ಲೂ ಇದೆ. ಬರೆದೂ ಬದಲಾಗಲಿಲ್ಲ.
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಂದೇ ಗೋಳನ್ನು ಒಂದೇ ರೂಪದಲ್ಲಿ ಬರೆದರೆ ಗಾಣದೆತ್ತಿನ ಹಾಗೆ ಸುತ್ತುವುದೇ ಆಗುತ್ತದೆ. ರೂಪ ಬದಲಿಸಿ. ಒಂದು ವಾರ ‘ನಾನು’ ಬಿಟ್ಟು ‘ಅಕಿ’ ಎಂದು ಬರೆಯಿರಿ. ಅಕಿಗೆ ನೀವು ಹೇಳುವ ಮಾತು ನಿಮಗೆ ನೀವು ಹೇಳಿಕೊಳ್ಳುವುದಕ್ಕಿಂತ ಮೆತ್ತಗಿರುತ್ತದೆ.

ಆಮೇಲೆ ತ್ರಿಪದಿ. ನಮ್ಮ ಕಡೆಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ತವರು, ಗಂಡ, ಅತ್ತೆಯ ಸಂಕಟವನ್ನೆಲ್ಲ ಹಾಡಿದ್ದು ಈ ಮೂರು ಸಾಲಿನಲ್ಲೇ. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ ಎಂಬ ಛಂದಸ್ಸಿನ ಲೆಕ್ಕ ಸದ್ಯ ಬಿಡಿ. ಮೂರನೇ ಸಾಲು ಚಿಕ್ಕದಿರಲಿ, ಸಾಲುಗಳ ಎರಡನೇ ಅಕ್ಷರ ಕೂಡಲಿ, ಅಷ್ಟು ಸಾಕು:

ಅಡಗಿ ಮನಿಯಾಗ ನಿಂತು ಹೊತ್ತೇರೈತಿ
ನುಡಿಯೊಂದು ಗಂಟಲಾಗ ಉಳಿದೈತಿ, ನನ ತಂಗಿ
ಕಡೀಕ ಹಾಲು ಉಕ್ಕೈತಿ

‘ನನ ತಂಗಿ’ ಎಂದ ಕೂಡಲೇ ಕೇಳುವವರೊಬ್ಬರು ಎದುರಿಗೆ ಕೂತ ಹಾಗಾಯಿತು. ಡೈರಿಯಲ್ಲಿ ಇಲ್ಲದ್ದು ಅದೇ. ಜಾಗ ಇಷ್ಟೇ ಇರುವುದರಿಂದ ಹನ್ನೆರಡು ತಿಂಗಳ ಗೋಳಿನಲ್ಲಿ ಯಾವುದು ಉಕ್ಕುತ್ತಿದೆ ಎಂದು ಆರಿಸಲೇಬೇಕಾಗುತ್ತದೆ. ವಾರಕ್ಕೊಂದು ಬರೆದರೂ ಸಾಕು.

ಪ್ರಶ್ನೆ: ಕೂಡು ಕುಟುಂಬ. ಯಾರಾದರೂ ಓದಿಯಾರು ಎಂಬ ಅಂಜಿಕೆ. ಮೊಬೈಲಿನಲ್ಲಿ ಬರೆಯಲೇ?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಮೊಬೈಲಿನಲ್ಲಿ ಅಳಿಸುವುದು ಸಲೀಸು, ಕೈ ತಾನಾಗಿ ಅಳಿಸುತ್ತದೆ. ಹತ್ತಿರದಲ್ಲೇ ಸಂದೇಶ ಬಂದು ಕೂಗುತ್ತದೆ. ಬಿಡಿ ಹಾಳೆಯಲ್ಲಿ ಬರೆದು, ಬೇಕಾದ ಒಂದು ಸಾಲು ಬೇರೆ ಕಡೆ ಇಳಿಸಿಕೊಂಡು, ಉಳಿದದ್ದನ್ನು ಹರಿದುಹಾಕಿ. ಕಥೆಯಾಗಿ ಬರೆದರೆ ಇನ್ನೂ ನಿರಾಳ. ಊರು ಬದಲಿಸಿ, ಅತ್ತೆಯನ್ನು ಅಂಗಡಿಯ ಯಜಮಾನತಿ ಮಾಡಿ, ಮನೆಯ ಜಗಳವನ್ನು ಮೆಣಸಿನಕಾಯಿ ತೂಗುವ ತಕ್ಕಡಿಯ ಮುಂದೆ ತಂದಿಡಿ. ಅಂದು ಅವರು ಅಂದ ಮಾತನ್ನೂ ನೀವು ಅನ್ನದೆ ಉಳಿಸಿಕೊಂಡ ಮಾತನ್ನೂ ಮಾತ್ರ ಬದಲಿಸಬೇಡಿ.