ಡೆಸ್ಕ್‌ಟಾಪ್ ಆನ್ ಆಗಲು ಏಳೆಂಟು ನಿಮಿಷ ಏಕೆ?

ಪ್ರಶ್ನೆ: ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. 2016ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಸಿದ್ಧವಾಗಲು ಏಳೆಂಟು ನಿಮಿಷ ಬೇಕು. ಕೆಲವು ದಿನ ಕಪ್ಪು ಪರದೆಯಲ್ಲೇ ನಿಂತು ಎಫ್1 ಒತ್ತಲು ಕೇಳುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡೋಣ ಅಂತಾರೆ, ಸ್ನೇಹಿತರು ರ‍್ಯಾಮ್ ಹಾಕಿಸು ಅಂತಾರೆ. ಏನು ಮಾಡಲಿ ಸರ್?
– ಓದುಗರು, ರಾಣೆಬೆನ್ನೂರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ಆ ಏಳೆಂಟು ನಿಮಿಷ ಎಲ್ಲಿ ಹೋಗುತ್ತಿದೆ ಎಂದು ಮೊದಲು ನೋಡಿ. ನಾಳೆ ಬೆಳಿಗ್ಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದುಕೊಂಡು ಮೂರು ಸಮಯ ಬರೆದಿಟ್ಟುಕೊಳ್ಳಿ. ಬಟನ್ ಒತ್ತಿದಾಗಿನಿಂದ ವಿಂಡೋಸ್‌ನ ಸುತ್ತುವ ಚುಕ್ಕಿಗಳು ಕಾಣುವವರೆಗೆ ಒಂದು, ಅಲ್ಲಿಂದ ಡೆಸ್ಕ್‌ಟಾಪ್ ಬರುವವರೆಗೆ ಇನ್ನೊಂದು, ಡೆಸ್ಕ್‌ಟಾಪ್ ಬಂದ ಮೇಲೆ ಫೈಲ್ ತೆರೆಯಲು ಆಗುವವರೆಗೆ ಮತ್ತೊಂದು.

ಮೊದಲ ಹಂತದಲ್ಲೇ ತಡವಾದರೆ ಅದಕ್ಕೂ ವಿಂಡೋಸ್‌ಗೂ ಸಂಬಂಧವಿಲ್ಲ, ಫಾರ್ಮ್ಯಾಟ್ ಮಾಡಿಸಿದರೂ ಅದು ಹಾಗೇ ಉಳಿಯುತ್ತದೆ. ಎಫ್1 ಕೇಳುವುದಕ್ಕೆ ಬಹುಮಟ್ಟಿಗೆ ಕಾರಣ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುತ್ತೀರಲ್ಲವೆ? ಆಗ ಗಡಿಯಾರ, ಬಯಾಸ್ (ವಿಂಡೋಸ್‌ಗೂ ಮುಂಚೆ ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಸೆಟ್ಟಿಂಗ್ ಎರಡನ್ನೂ ಆ ಬ್ಯಾಟರಿಯೇ ಉಳಿಸಿಕೊಳ್ಳಬೇಕು. ಅದರಲ್ಲಿ ಶಕ್ತಿ ಮುಗಿದಿದ್ದರೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಬ್ರೌಸರ್‌ನಲ್ಲಿ ಸರ್ಕಾರಿ ಜಾಲತಾಣ ತೆರೆದರೂ ಸುರಕ್ಷಿತವಲ್ಲ ಎಂದು ತೋರಿಸುತ್ತದೆ. ಎಫ್1 ಕೇಳಿದ ದಿನ ಕೆಳಗಿನ ಮೂಲೆಯ ದಿನಾಂಕ ನೋಡಿ. ತಪ್ಪಿದ್ದರೆ ಸಿಆರ್2032 ಬ್ಯಾಟರಿ ತಂದು ಹಾಕಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪವರ್ ಕೇಬಲ್ ಕಿತ್ತ ಮೇಲೆಯೇ ಬ್ಯಾಟರಿ ಬದಲಿಸಿ. ಗ್ರಾಹಕರ ಪೆನ್‌ಡ್ರೈವ್ ಚುಚ್ಚಿಯೇ ಉಳಿದಿದ್ದರೂ ಯಂತ್ರ ಅದರಲ್ಲಿ ವಿಂಡೋಸ್ ಹುಡುಕುತ್ತಾ ನಿಲ್ಲಬಹುದು, ಅದನ್ನೂ ಗಮನಿಸಿ.

ಆದರೆ ನಿಮ್ಮ ಹೆಚ್ಚಿನ ಸಮಯ ಹೋಗುತ್ತಿರುವುದು ಎರಡನೇ, ಮೂರನೇ ಹಂತದಲ್ಲಿ ಎಂಬುದು ನನ್ನ ಅಂದಾಜು. ಡೆಸ್ಕ್‌ಟಾಪ್ ಬಂದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು 20–30 ಶೇಕಡಾದಲ್ಲಿದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡು ಕೂತಿದ್ದರೆ ಉತ್ತರ ಸಿಕ್ಕಿತು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಓದುತ್ತದೆ. ಹಾರ್ಡ್ ಡಿಸ್ಕ್‌ನ ಮುಳ್ಳು ಪ್ರತಿಯೊಂದಕ್ಕೂ ಜಾಗ ಹುಡುಕಿ ಓಡಬೇಕು, ಹೀಗೆ ಚದುರಿದ ಓದನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಮಾಡಬಲ್ಲದು. ಹಾರ್ಡ್ ಡಿಸ್ಕ್ ಬದಲಿಗೆ ಹಾಕಬಹುದಾದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಳ ಲೆಕ್ಕದಲ್ಲಿ ಮಾಡುತ್ತದೆ. 4 ಜಿಬಿಯನ್ನು 8 ಮಾಡಿಸಿದರೆ ಕೋರಲ್‌ಡ್ರಾ, ಬ್ರೌಸರ್ ಒಟ್ಟಿಗೆ ತೆರೆದಾಗ ಖಂಡಿತ ಹಗುರಾಗುತ್ತದೆ, ಆದರೆ ಬೆಳಗಿನ ಕಾಯುವಿಕೆ ಅದರಿಂದ ಅಷ್ಟಾಗಿ ಇಳಿಯದು. ಅದಕ್ಕೇ ಮೊದಲ ಖರ್ಚು ಎಸ್‌ಎಸ್‌ಡಿಗೆ ಎನ್ನುತ್ತೇನೆ.

ಖರ್ಚಿಲ್ಲದ ಕೆಲಸವೂ ಒಂದಿದೆ. ಅದೇ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ವಿಡಿಯೋ ಕರೆಯ ಆ್ಯಪ್, ಟೊರೆಂಟ್, ಹಳೇ ಪ್ರಿಂಟರಿನ ಅಪ್‌ಡೇಟರ್‌ನಂಥವು ಇದ್ದರೆ ಡಿಸೇಬಲ್ ಮಾಡಿ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಬೇಕಿದ್ದರೆ ಇರಲಿ. ಎರಡು ಆ್ಯಂಟಿವೈರಸ್ ಹಾಕಿದ್ದರೆ ಒಂದನ್ನು ತೆಗೆದುಬಿಡಿ.

ಇವೆಲ್ಲಕ್ಕಿಂತ ಮುಂಚೆ, ದಯವಿಟ್ಟು ಇವತ್ತೇ, ಗ್ರಾಹಕರ ಫೈಲುಗಳನ್ನು ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಇಷ್ಟು ಹಳೆಯ ಹಾರ್ಡ್ ಡಿಸ್ಕ್ ನಿಧಾನವಾಗುತ್ತಿದ್ದರೆ ಅದು ಕೆಡುವ ಮುನ್ಸೂಚನೆಯೂ ಆಗಿರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. ಅಲ್ಲಿ ಹಳದಿ ಬಣ್ಣ ಬಂದರೆ, ಇಲ್ಲವೇ ಡಬ್ಬದೊಳಗಿಂದ ಟಕ್ ಟಕ್ ಸದ್ದು ಕೇಳಿದರೆ, ರಿಪೇರಿ ಸ್ಕ್ಯಾನ್ ಓಡಿಸಬೇಡಿ, ಫಾರ್ಮ್ಯಾಟ್ ಹೆಸರೂ ಎತ್ತಬೇಡಿ. ಉಳಿದಿರುವುದನ್ನು ಮೊದಲು ಹೊರತೆಗೆಯಿರಿ.

ಡಿಸ್ಕ್ ಚೆನ್ನಾಗಿದ್ದರೆ ಹೊಸ ಎಸ್‌ಎಸ್‌ಡಿಗೆ ಸಿ ಡ್ರೈವನ್ನು ಕ್ಲೋನ್ (ವಿಂಡೋಸ್ ಸಮೇತ ಇದ್ದಂತೆಯೇ ನಕಲು) ಮಾಡಿಕೊಡಲು ರಿಪೇರಿಯವರಿಗೆ ಹೇಳಿ, ಹಳೇ ಡಿಸ್ಕ್ ಫೈಲುಗಳನ್ನಿಡಲು ಜೊತೆಗೇ ಇರಲಿ. ಫಾರ್ಮ್ಯಾಟ್ ಮಾಡಿದರೆ ನಿಮ್ಮಂಥವರಿಗೆ ದೊಡ್ಡ ತಲೆನೋವು ಫಾಂಟಿನದು. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿದ ಲಗ್ನಪತ್ರಿಕೆ, ಕರಾರುಪತ್ರಗಳೆಲ್ಲ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಫಾರ್ಮ್ಯಾಟ್ ಅನಿವಾರ್ಯವಾದರೆ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಳ್ಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಈ ಯಂತ್ರದ ಮೇಲೆ ಜಾಸ್ತಿ ದುಡ್ಡು ಸುರಿಯಬೇಡಿ. ಹಾರ್ಡ್ ಡಿಸ್ಕ್‌ನಂತೆಯೇ ಕೇಬಲ್‌ನಿಂದ ಜೋಡಿಸುವ ಸಾಟಾ ಎಸ್‌ಎಸ್‌ಡಿ ಮಾತ್ರ ಕೊಳ್ಳಿ, ಮುಂದೆ ಹೊಸ ಡೆಸ್ಕ್‌ಟಾಪ್ ತಂದಾಗ ಅದಕ್ಕೂ ಹಾಕಿಕೊಳ್ಳಬಹುದು.