ಅಟ್ಟದ ಕಂಪ್ಯೂಟರ್ ಫೈರ್‌ವಾಲ್ ಆಗುವುದೇ?

ಪ್ರಶ್ನೆ: ಹಳೆಯ ಕೋರ್ 2 ಡ್ಯುಯೊ ಡೆಸ್ಕ್‌ಟಾಪ್‌ಗೆ ಓಪಿಎನ್‌ಸೆನ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಮನೆಯ ಫೈರ್‌ವಾಲ್ (ಇಂಟರ್ನೆಟ್ ಸಂಚಾರವನ್ನು ಸೋಸುವ ಕಾವಲು) ಮಾಡಬೇಕೆಂದಿದ್ದೇನೆ. ಪ್ರೊಸೆಸರ್ ಸಾಕಾಗುವುದೇ? ಲ್ಯಾನ್ ಪೋರ್ಟ್ ಒಂದೇ ಇದೆ.

ಉತ್ತರ: ಎಲ್ಲರೂ ಪ್ರೊಸೆಸರ್ ಬಗ್ಗೆಯೇ ಕೇಳುತ್ತಾರೆ. 100 ಎಂಬಿಪಿಎಸ್ ಸಂಪರ್ಕಕ್ಕೆ, 4 ಜಿಬಿ ರ‍್ಯಾಮ್ ಇದ್ದರೆ, ಅದು ಧಾರಾಳವಾಯಿತು. ನಿಮಗೆ ಬೇಕಿರುವುದು ಎರಡನೆಯ ಪೋರ್ಟು: ಒಂದು ಇಂಟರ್ನೆಟ್ ಕಡೆಗೆ, ಇನ್ನೊಂದು ಮನೆಯ ಕಡೆಗೆ. ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ಅಡಾಪ್ಟರ್ ಸಾಕೆನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ. ಓಪಿಎನ್‌ಸೆನ್ಸ್‌ಗೆ ಆಧಾರವಾದ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನಲ್ಲಿ ಅಂಥವು ಭಾರ ಹೆಚ್ಚಿದಾಗ ಕೈಕೊಡುವುದು ಹಳೆಯ ಕಥೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಇಂಟೆಲ್ ಪಿಸಿಐ ಎಕ್ಸ್‌ಪ್ರೆಸ್ ನೆಟ್‌ವರ್ಕ್ ಕಾರ್ಡ್ (ಮದರ್‌ಬೋರ್ಡಿಗೇ ಕೂರಿಸುವಂಥದ್ದು) ವಿಚಾರಿಸಿ.

ಆದರೆ ಕಾರ್ಡು ಕೊಂಡವರೂ ಮುಗ್ಗರಿಸುವುದು ಫೈಬರ್ ಕಂಪನಿ ಮನೆಯಲ್ಲಿ ಕೂರಿಸುವ ಒಎನ್‌ಟಿ (ಮೋಡೆಮ್) ಪೆಟ್ಟಿಗೆಯ ಬಳಿ. ಅದರ ವೈಫೈ ಚಾಲೂ ಇದ್ದು, ಫೋನು, ಟಿವಿಗಳೆಲ್ಲ ಅದಕ್ಕೇ ಅಂಟಿಕೊಂಡಿದ್ದರೆ ಅವುಗಳ ಒಂದು ಪ್ಯಾಕೆಟ್ಟೂ ನಿಮ್ಮ ಫೈರ್‌ವಾಲನ್ನು ಹಾಯುವುದಿಲ್ಲ. ಕಾವಲುಗಾರ ನಿಂತಿರುವುದು ಒಂದು ಕಡೆ, ಮನೆಮಂದಿ ಓಡಾಡುವುದು ಇನ್ನೊಂದು ಕಡೆ. ಒಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ಸಂಪರ್ಕವನ್ನು ಹಾಗೆಯೇ ದಾಟಿಸುವ ಸ್ಥಿತಿಗೆ) ಹಾಕಿಸಿ, ಇಂಟರ್ನೆಟ್ ಕಂಪನಿಯ ಪಿಪಿಪಿಒಇ ಲಾಗಿನ್‌ನ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಫೈರ್‌ವಾಲ್‌ನಲ್ಲಿ ನಮೂದಿಸಿ, ಒಎನ್‌ಟಿಯ ವೈಫೈ ನಿಲ್ಲಿಸಿ, ಬೇರೊಂದು ರೂಟರನ್ನು ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ನಿಲ್ಲಿಸಿ ಕೇವಲ ವೈಫೈ ಕೊಡುವ ಆ್ಯಕ್ಸೆಸ್ ಪಾಯಿಂಟ್ ಆಗಿ ಫೈರ್‌ವಾಲಿನ ಒಳಬದಿಗೆ ಜೋಡಿಸಿ.

ಯಾರೂ ಕೇಳದ ಪ್ರಶ್ನೆ ಕರೆಂಟಿನದು. ಯಂತ್ರ ಸದಾ 60 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 43 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 3,000 ರೂಪಾಯಿ ದಾಟುತ್ತದೆ. ಪುಕ್ಕಟೆ ಸಿಕ್ಕಿತೆಂದು ಹಿಗ್ಗುವ ಮೊದಲು ವ್ಯಾಟ್‌ಮೀಟರ್ ಹಾಕಿ ನೋಡಿ; ನಾನಾಗಿದ್ದರೆ ಫ್ಯಾನಿಲ್ಲದ ಚಿಕ್ಕ ಮಿನಿ ಪಿಸಿಯನ್ನೇ ಆರಿಸುತ್ತಿದ್ದೆ. ಹಳೆಯದೇ ಸರಿ ಎನ್ನುವುದಾದರೆ ಬಯೋಸ್‌ನ (ಯಂತ್ರದ ಆರಂಭಿಕ ತಂತ್ರಾಂಶದ) ಹೊಂದಿಕೆಗಳನ್ನು ಉಳಿಸುವ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ, ಕರೆಂಟು ಹೋಗಿ ಬಂದೊಡನೆ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಹೊಂದಿಸಿ. ಇಲ್ಲವಾದರೆ ನೀವು ಊರಲ್ಲಿಲ್ಲದ ದಿನವೇ ಮನೆಗೆ ನೆಟ್ ಇರುವುದಿಲ್ಲ.

ಪ್ರಶ್ನೆ: ಫೈರ್‌ವಾಲ್ ಹಾಕಿದರೆ ಇಂಟರ್ನೆಟ್ ವೇಗ ಹೆಚ್ಚುವುದೇ?

ಉತ್ತರ: ಇಲ್ಲ.

ಪ್ರಶ್ನೆ: ಇನ್ನು ಆಂಟಿವೈರಸ್ ಬೇಡವಲ್ಲವೇ?

ಉತ್ತರ: ಬೇಕು. ಪೆನ್‌ಡ್ರೈವ್ ಫೈರ್‌ವಾಲಿನ ಮೂಲಕ ಬರುವುದಿಲ್ಲ, ಗೂಢಲಿಪಿಯ ಎಚ್‌ಟಿಟಿಪಿಎಸ್‌ನಲ್ಲಿ ಬರುವುದರ ಒಡಲು ಅದಕ್ಕೆ ಕಾಣುವುದಿಲ್ಲ.

ಪ್ರಶ್ನೆ: ಫೈರ್‌ವಾಲ್ ಹಾಕಿಕೊಟ್ಟ ತಂತ್ರಜ್ಞ, ದೂರದಿಂದಲೇ ಸರ್ವಿಸ್ ಮಾಡಲು ಅದರ ಲಾಗಿನ್ ಪುಟವನ್ನು ಇಂಟರ್ನೆಟ್‌ಗೆ ತೆರೆದಿಟ್ಟಿದ್ದಾರೆ. ಪರವಾಗಿಲ್ಲವೇ?

ಉತ್ತರ: ಇಂದೇ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಬೇರೆ ತಂತ್ರಜ್ಞರನ್ನು ಹುಡುಕಿ.